ಮುಂಬೈ ಫ್ಲ್ಯಾಟು: ಹೆಸರು ಯಾರದ್ದು, ಸಾಲ ಯಾರದ್ದು?

ಮುಂಬೈ ಬಾಡಿಗೆ, ಲೋಕಲ್ ಟ್ರೇನು, ಕನ್ನಡ ಸಂಘ ಎಲ್ಲ ಕೇಳಿ, ಕೊನೆಗೆ ಅಳುಕುತ್ತಲೇ ಇದನ್ನೂ ಕೇಳಿದ್ದೀರಿ. ಮದುವೆಯಾಗಿ ಹುಬ್ಬಳ್ಳಿಯಿಂದ ಮುಲುಂಡ್‌ಗೆ ಬಂದಿದ್ದೀರಿ, ಇಬ್ಬರಿಗೂ ಕೆಲಸ ಇದೆ, ಫ್ಲ್ಯಾಟ್ ಕೊಳ್ಳುವ ಮಾತು ನಡೆದಿದೆ. ನಾಳೆ ಡೈವೋರ್ಸ್ ಆದರೆ ಅರ್ಧ ನಿಮಗೆ ಬರುತ್ತದಾ, ಸಾಲವೂ ಅರ್ಧ ಆಗುತ್ತದಾ ಅಂತ. ಅಪಶಕುನ ಅಂದುಕೊಳ್ಳಬೇಡಿ. ಸಹಿ ಹಾಕುವ ಮುಂಚೆ ಕೇಳಬೇಕಾದದ್ದೇ ಇದು.

ಅರ್ಧ ಅರ್ಧ ಅನ್ನುವ ನಿಯಮ ಇಲ್ಲಿ ಇಲ್ಲ. ಅದು ಗೋವಾದ ಮಾತು. ಅಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡ್‌ನ ಪದ್ಧತಿ ಉಳಿದುಕೊಂಡಿದೆ, ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿ ಇಬ್ಬರದ್ದೂ. ಮುಂಬೈಯಲ್ಲೂ ಹುಬ್ಬಳ್ಳಿಯಲ್ಲೂ ನಮಗೆ ಹಿಂದೂ ವಿವಾಹ ಕಾಯ್ದೆ. ಅದರಲ್ಲಿ ಜೀವನಾಂಶ ಉಂಟು, ಗಂಡನ ಆಸ್ತಿಯಲ್ಲಿ ತಾನಾಗಿ ಬರುವ ಪಾಲು ಇಲ್ಲ. ಖರೀದಿ ಪತ್ರದಲ್ಲಿ ಯಾರ ಹೆಸರೋ ಮನೆ ಅವರದ್ದು. ಬೇರೆಯವರು ದುಡ್ಡು ಹಾಕಿದ್ದರೆ ಅದನ್ನು ಅವರೇ ರುಜುವಾತು ಮಾಡಬೇಕು.

ನಮ್ಮ ಜನ ಎಡವುವುದು ಇಲ್ಲೇ. ಗಂಡನ ಸಂಬಳದಿಂದ ಇಎಂಐ, ಹೆಂಡತಿಯ ಸಂಬಳದಿಂದ ದಿನಸಿ, ಹಾಲು, ಸ್ಕೂಲ್ ಫೀಸು, ಸೊಸೈಟಿ ಮೇಂಟೆನೆನ್ಸ್. ಹತ್ತು ವರ್ಷ ಆದ ಮೇಲೆ ಅವನ ಹತ್ತಿರ ಬ್ಯಾಂಕ್ ಸ್ಟೇಟ್‌ಮೆಂಟ್ ಇರುತ್ತದೆ, ಅವಳ ಹತ್ತಿರ ಕಿರಾಣಿ ಅಂಗಡಿ ಚೀಟಿಯೂ ಇರುವುದಿಲ್ಲ. ದುಡಿದದ್ದು ಇಬ್ಬರೂ ಅಲ್ವಾ? ಹಾಗಾಗಿ ಇಎಂಐಯಲ್ಲಿ ಒಂದು ಪಾಲು ನಿಮ್ಮ ಖಾತೆಯಿಂದಲೇ ಹೋಗಲಿ. ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರೂ ಇರಲಿ, ಯಾರ ಪಾಲು ಎಷ್ಟು ಅಂತಲೂ ಬರೆಸಿ.

ಇದರ ಉಲ್ಟಾ ಕೂಡ ಆಗುತ್ತದೆ. ಮಹಾರಾಷ್ಟ್ರದಲ್ಲಿ ಬರೀ ಹೆಂಗಸರ ಹೆಸರಲ್ಲಿ ಮನೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿ ಶೇಕಡಾ 1ರಷ್ಟು ಕಡಿಮೆ. ಆ ಆಸೆಗೆ ಮನೆ ಹೆಂಡತಿ ಹೆಸರಿಗೆ, ಸಾಲಕ್ಕೆ ಗಂಡ ಸಹ-ಸಾಲಗಾರ. ಮುರಿದುಬಿದ್ದರೆ ಅವನಿಗೆ ಮನೆ ಇಲ್ಲ, ಸಾಲ ಮಾತ್ರ ಪೂರ್ತಿ ಇದೆ.

ಪೂರ್ತಿ ಅಂದೆ, ಅರ್ಧ ಅಲ್ಲ. ಜಂಟಿ ಸಾಲದಲ್ಲಿ ಬ್ಯಾಂಕು ಇಬ್ಬರಲ್ಲಿ ಯಾರನ್ನಾದರೂ ಹಿಡಿದು ಪೂರ್ತಿ ಕೇಳಬಹುದು. "ಇನ್ನು ಮುಂದೆ ಸಾಲ ಗಂಡನೇ ಕಟ್ಟತಕ್ಕದ್ದು" ಅಂತ ರಾಜಿ ಪತ್ರದಲ್ಲಿ ಬರೆದು ಬಾಂದ್ರಾ ಫ್ಯಾಮಿಲಿ ಕೋರ್ಟಿನಲ್ಲಿ ಸಹಿ ಹಾಕಿದರೂ ಅದು ನಿಮ್ಮಿಬ್ಬರ ನಡುವಿನ ಮಾತು. ಬ್ಯಾಂಕು ಅದರಲ್ಲಿ ಪಾರ್ಟಿ ಅಲ್ಲ. ಅವನು ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರೂ, ಅಂದರೆ ಸಾಲ ಕೊಡುವ ಮುಂಚೆ ಬ್ಯಾಂಕುಗಳು ನೋಡುವ ಅಂಕವೂ, ಬೀಳುತ್ತದೆ. ನಿಮ್ಮ ಹೆಸರು ಬಿಡಿಸಬೇಕಾದರೆ ಒಬ್ಬರ ಸಂಬಳ ಆ ಸಾಲಕ್ಕೆ ಸಾಕು ಅಂತ ಬ್ಯಾಂಕಿಗೆ ಅನ್ನಿಸಬೇಕು. ಮುಂಬೈ ರೇಟಿನಲ್ಲಿ ಇಬ್ಬರ ಸಂಬಳ ತೋರಿಸಿ ತಗೊಂಡ ಸಾಲ ಒಬ್ಬರಿಗೆ ಎಲ್ಲಿ ಸಾಲುತ್ತದೆ? ಎಷ್ಟೋ ಜೋಡಿಗಳು ಕೊನೆಗೆ ಫ್ಲ್ಯಾಟ್ ಮಾರಿ, ಸಾಲ ತೀರಿಸಿ, ಮಿಕ್ಕಿದ್ದನ್ನು ಹಂಚಿಕೊಳ್ಳುವುದು ಅದಕ್ಕೇ. ಒಬ್ಬರೇ ಇಟ್ಟುಕೊಂಡರೆ ಹಕ್ಕು ಬಿಟ್ಟ ಪತ್ರ ರಿಜಿಸ್ಟರ್ ಆಗಬೇಕು, ಹೌಸಿಂಗ್ ಸೊಸೈಟಿ ತನ್ನ ಸದಸ್ಯರಿಗೆ ಕೊಡುವ ಶೇರ್ ಸರ್ಟಿಫಿಕೇಟಿನಲ್ಲೂ ಹೆಸರು ಬದಲಾಗಬೇಕು. ಇದನ್ನೆಲ್ಲ ಡೈವೋರ್ಸ್ ಆದ ಮೇಲೆ ನೋಡೋಣ ಅಂದರೆ ಸಹಿಗಾಗಿ ಮತ್ತೆ ಅವರ ಹಿಂದೆ ಅಲೆಯಬೇಕು.

ಬಂಗಾರದ ವಿಷಯದಲ್ಲಿ ಗೊಂದಲ ಇಲ್ಲ. ತವರಿನವರು ನಿಮಗೆ ಹಾಕಿದ್ದು ಸ್ತ್ರೀಧನ, ಪೂರ್ತಿ ನಿಮ್ಮದು. ಅದು ಗಂಡ ಹೆಂಡತಿಯ ಜಂಟಿ ಆಸ್ತಿ ಅಲ್ಲ, ಗಂಡ ಕಷ್ಟಕ್ಕೆ ಬಳಸಿದರೂ ವಾಪಸ್ ಕೊಡಬೇಕು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಅತ್ತೆಯ ಲಾಕರಿನಲ್ಲಿದ್ದರೆ ಪಟ್ಟಿ, ಫೋಟೋ, ಬಿಲ್ಲು ನಿಮ್ಮ ಹತ್ತಿರ ಇರಲಿ. ಊರಲ್ಲಿ ಅಪ್ಪನಿಂದ ನಿಮಗೆ ಬರುವ ಹೊಲವೂ ನಿಮ್ಮದೇ.

ಜೀವನಾಂಶ ಕೇಳಿದರೆ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಕೊಡಬೇಕು, 2020ರಿಂದ ಅದು ಕಡ್ಡಾಯ. ಇನ್ನು ನಮ್ಮಂಥ ಹೊರನಾಡಿನವರಿಗೆ ಜಾಸ್ತಿ ಗೊತ್ತಿಲ್ಲದ ಒಂದು ಅನುಕೂಲ: ಹೆಂಡತಿ ತಾನು ಈಗ ಇರುವ ಊರಿನಲ್ಲೇ ಕೇಸ್ ಹಾಕಬಹುದು. ತವರಿಗೆ ಹೋಗಿದ್ದರೆ ಹುಬ್ಬಳ್ಳಿಯಲ್ಲೇ ಆಯಿತು, ಪ್ರತಿ ತಾರೀಖಿಗೆ ಬಾಂದ್ರಾಕ್ಕೆ ಬರಬೇಕಾಗಿಲ್ಲ.