ಮಗುವಿನ ಬಿಡದ ಕೆಮ್ಮಿಗೆ ಮನೆಯ ಹೊಗೆ ಕಾರಣವೇ?

ಹತ್ತು ತಿಂಗಳ ಮಗುವಿಗೆ ಮಳೆಗಾಲವಿಡೀ ಕೆಮ್ಮು, ಮನೆಯ ಗಾಳಿಯೇ ಕಾರಣವೇ ಎಂದು ಕೇಳಿದ್ದೀರಿ. ಸೋಂಕು ತರುವುದು ವೈರಸ್, ಬ್ಯಾಕ್ಟೀರಿಯಾ. ಆದರೆ ಶ್ವಾಸನಾಳದಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಹೊಗೆ ತಾಗಿದರೆ ಮಂದವಾಗುತ್ತವೆ, ಕಫ ಅಲ್ಲೇ ನಿಂತು ಸೋಂಕು ಬೇರೂರುತ್ತದೆ.

ಸೌದೆ ಒಲೆಯನ್ನು ಎಲ್ಲರೂ ದೂರುತ್ತಾರೆ. ಎಣ್ಣೆಸ್ನಾನವಾದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಎಳೆಮಗುವಿಗೆ ಹೊಗೆ ಹಿಡಿಸುವುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದಯವಿಟ್ಟು ಅದನ್ನು ನಿಲ್ಲಿಸಿ. ಒಣ ಬಟ್ಟೆಯಲ್ಲಿ ತಲೆ ಒರೆಸಿದರೆ ಸಾಕು. ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ. ಬಚ್ಚಲ ಹಂಡೆಯ ಒಲೆ ಉರಿಯುವಾಗ ಮಗು ಅಲ್ಲಿರಬಾರದು. ಮಲಗುವ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಮನೆಯೊಳಗೆ ಬೀಡಿ ಸಿಗರೇಟು ಬೇಡವೇ ಬೇಡ.

ಕೆಮ್ಮಿದ್ದಾಗ ಉಸಿರು ಎಣಿಸಿ: ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಪೂರ್ತಿ 1 ನಿಮಿಷ ಹೊಟ್ಟೆಯ ಏರಿಳಿತ ನೋಡಿ. 2 ತಿಂಗಳೊಳಗೆ 60, 2ರಿಂದ 12 ತಿಂಗಳವರೆಗೆ 50, 1 ವರ್ಷ ದಾಟಿ 5 ವರ್ಷದವರೆಗೆ 40 ಅಥವಾ ಹೆಚ್ಚಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಎದೆಯ ಕೆಳಭಾಗ ಒಳಸೇದಿದರೆ, ಹಾಲು ಕುಡಿಯದಿದ್ದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರಿ ಆಸ್ಪತ್ರೆಯಲ್ಲಿ 6 ವಾರ, 14 ವಾರ, 9 ತಿಂಗಳಿಗೆ ಉಚಿತವಾಗಿ ಕೊಡುವ ಪಿಸಿವಿ (ನ್ಯುಮೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ತಡೆಯುವ) ಲಸಿಕೆ ತಪ್ಪಿದೆಯೇ ಎಂದು ತಾಯಿ ಕಾರ್ಡಿನಲ್ಲಿ ಇವತ್ತೇ ನೋಡಿ.