ಅನ್‌ಸೇಫ್ ಎಂದು ಬರೆದ ಮೇಲೆ ಹೊಣೆ ಯಾರದು?

ಪ್ರಶ್ನೆ: ರೇಷ್ಮೆಹುಳು ಮನೆಯ ಉಷ್ಣಾಂಶ, ತೇವಾಂಶಗಳನ್ನು ದಾಖಲಿಸುವ ಪುಟ್ಟ ಉಪಕರಣಕ್ಕೆ ರಸ್ಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೇನೆ. ಅದರಲ್ಲಿ ಎರಡು ಅನ್‌ಸೇಫ್ ಬ್ಲಾಕ್‌ಗಳಿವೆ, ಅಂದರೆ ಕೆಲವು ಕೆಲಸಗಳ ಸುರಕ್ಷತೆಯ ಹೊಣೆಯನ್ನು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಿಸುವ ತಂತ್ರಾಂಶ) ಬದಲು ಬರೆದವರೇ ಹೊರುವ ಭಾಗಗಳು. ಒಂದು ಮೈಕ್ರೊಕಂಟ್ರೋಲರ್‌ನ ರಿಜಿಸ್ಟರ್ (ಚಿಪ್ಪಿನೊಳಗೆ ನಿಗದಿತ ವಿಳಾಸದಲ್ಲಿರುವ ಪುಟ್ಟ ಸಂಗ್ರಹ ಜಾಗ) ಓದಲು. ಇನ್ನೊಂದು ಸೆನ್ಸರ್ ಕಳುಹಿಸುವ 5 ಬೈಟ್‌ಗಳನ್ನು ಉದ್ದವನ್ನು ಪರೀಕ್ಷಿಸದೆ ಓದುವ ಗೆಟ್_ಅನ್‌ಚೆಕ್ಡ್ ಫಂಕ್ಷನ್ ಮೂಲಕ ಬೇಗ ಓದಲು. ಅನ್‌ಸೇಫ್ ಎಂದು ಬರೆದರೆ ಕಂಪೈಲರ್ ಏನನ್ನೂ ಪರೀಕ್ಷಿಸುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಹಾಗಿದ್ದರೆ ಸಿ ಭಾಷೆಯಲ್ಲೇ ಬರೆಯಬಹುದಿತ್ತಲ್ಲವೆ?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ನಿಮ್ಮ ಗೆಳೆಯರ ಮಾತು ಸರಿಯಲ್ಲ. ಅನ್‌ಸೇಫ್ ಬ್ಲಾಕಿನ ಒಳಗೂ ಟೈಪ್‌ಗಳ ಪರೀಕ್ಷೆ, ಎರವಲಿನ ಪರೀಕ್ಷೆ (ಒಂದು ಮಾಹಿತಿಯನ್ನು ಪ್ರೋಗ್ರಾಮಿನ ಯಾವ ಭಾಗ ಯಾವಾಗ ಓದಬಹುದು, ತಿದ್ದಬಹುದು ಎಂಬುದರ ಪರೀಕ್ಷೆ) ಎಂದಿನಂತೆ ನಡೆಯುತ್ತವೆ. ಹೆಚ್ಚುವರಿಯಾಗಿ ಸಿಗುವ ಅನುಮತಿಗಳು ಕೆಲವೇ. ಅವುಗಳಲ್ಲಿ ನೀವು ಬಳಸಿರುವುದು ಕಚ್ಚಾ ಪಾಯಿಂಟರ್ (ಸರಿಯೆಂದು ಕಂಪೈಲರ್ ಖಾತರಿ ಕೊಡದ ಮೆಮೊರಿ ವಿಳಾಸ) ಮೂಲಕ ಓದುವುದು ಮತ್ತು ಅನ್‌ಸೇಫ್ ಫಂಕ್ಷನ್ನನ್ನು ಕರೆಯುವುದು.

ಮೊದಲ ಬ್ಲಾಕ್ ಇರಲೇಬೇಕು. ಇಂಥ ವಿಳಾಸದಲ್ಲಿ ಇಂಥ ರಿಜಿಸ್ಟರ್ ಇದೆಯೆಂಬುದು ಚಿಪ್ಪಿನ ಕೈಪಿಡಿಗೆ ಗೊತ್ತು, ಕಂಪೈಲರ್‌ಗೆ ಗೊತ್ತಿಲ್ಲ. ಓದುವಾಗ, ಪ್ರತಿ ಸಲವೂ ನಿಜವಾಗಿ ಓದುವಂತೆ ಮಾಡುವ ವೊಲಟೈಲ್ ವಿಧಾನವನ್ನೇ ಬಳಸಿ, ಆ ವಿಳಾಸ ಏಕೆ ಸರಿ ಎಂಬುದನ್ನು ಬ್ಲಾಕಿನ ಮೇಲೆ ಟಿಪ್ಪಣಿಯಾಗಿ ಬರೆದಿಡಿ.

ಎರಡನೆಯದನ್ನು ದಯವಿಟ್ಟು ತೆಗೆದುಹಾಕಿ. ತಂತಿ ಸಡಿಲವಾಗಿ 3 ಬೈಟ್‌ಗಳಷ್ಟೇ ಬಂದವೆನ್ನಿ. ಉದ್ದವನ್ನು ಪರೀಕ್ಷಿಸಿಯೇ ಓದುವ ಸಾಮಾನ್ಯ ಇಂಡೆಕ್ಸ್ ಆದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಗೆಟ್_ಅನ್‌ಚೆಕ್ಡ್ ಆದರೆ ಪಕ್ಕದ ಮೆಮೊರಿಯಲ್ಲಿ ಬಿದ್ದಿರುವ ಯಾವುದೋ ಬೈಟನ್ನು ಸೆನ್ಸರ್ ಕಳುಹಿಸಿದ್ದೆಂದೇ ಓದಿಬಿಡಬಹುದು, ಅಷ್ಟೇ ಅಲ್ಲದೆ ಅಂಥ ಸಂದರ್ಭ ಬರುವುದೇ ಇಲ್ಲವೆಂದು ನಂಬಿ ಕಂಪೈಲರ್ ಸುತ್ತಲಿನ ಸಾಲುಗಳನ್ನೂ ಬದಲಾಯಿಸಿರಬಹುದು. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವೂ ಇದೇ ಜಾತಿಯದು: ಎದುರಿನವರು ಹೇಳಿದ ಉದ್ದವನ್ನು ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ತಂತ್ರಾಂಶ ಪರೀಕ್ಷಿಸದೆ ನಂಬಿದ್ದರಿಂದ, ಒಂದೊಂದು ಕೋರಿಕೆಗೆ 64 ಕಿಲೊಬೈಟ್‌ವರೆಗೆ ಸರ್ವರ್‌ನ ಮೆಮೊರಿ ಹೊರಗೆ ಸೋರಿತು. ನಿಮ್ಮ ಉಪಕರಣದಲ್ಲಿ ಗುಟ್ಟೇನೂ ಸೋರದಿರಬಹುದು. ಆದರೆ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಟ್ಟ ದಿನಗಳಲ್ಲಿ ತೇವಾಂಶ ಹೆಚ್ಚಿದ್ದರೂ ಕಡಿಮೆಯೆಂದು ತೋರಿಸಿದರೆ, ಅದನ್ನು ನಂಬಿ ಕಿಟಕಿ ತೆರೆಯದ ರೈತರ ಗೂಡಿನ ಗುಣಮಟ್ಟ ಕೆಡುತ್ತದೆ, ಮಾರುಕಟ್ಟೆಯಲ್ಲಿ ದರ ಬೀಳುತ್ತದೆ.

ಗೆಟ್ ಎಂಬ ಸುರಕ್ಷಿತ ಫಂಕ್ಷನ್ ಬಳಸಿ; ಬೈಟ್ ಇಲ್ಲದಿದ್ದರೆ ಅದು ನನ್ (None, ಏನೂ ಇಲ್ಲ) ಎಂದು ಹೇಳುತ್ತದೆ, ಆಗ ಆ ಅಳತೆಯನ್ನು ಬಿಟ್ಟು ಮುಂದಿನದನ್ನು ತೆಗೆದುಕೊಳ್ಳಿ. ಎರಡು ಸೆಕೆಂಡಿಗೊಮ್ಮೆ ಅಳತೆ ಕೊಡುವ ಸೆನ್ಸರ್‌ನಲ್ಲಿ ಉದ್ದವನ್ನು ಪರೀಕ್ಷಿಸುವ ಒಂದು ಹೋಲಿಕೆಯನ್ನು ಉಳಿಸಿ ಗಳಿಸುವುದೇನೂ ಇಲ್ಲ.

ಇನ್ನು ಸಿ ಭಾಷೆಯ ಮಾತು. ಅಲ್ಲಿ ಮೆಮೊರಿ ಕೆಟ್ಟರೆ ಇಡೀ ಪ್ರೋಗ್ರಾಂ ಜಾಲಾಡಬೇಕು. ಇಲ್ಲಿ ಅನ್‌ಸೇಫ್ ಇರುವ ಮಾಡ್ಯೂಲಿನಿಂದ (ಪ್ರೋಗ್ರಾಮಿನ ಒಂದು ವಿಭಾಗದಿಂದ) ಹುಡುಕಾಟ ಆರಂಭಿಸಬಹುದು. ಬ್ಲಾಕ್ ಎನ್ನದೆ ಮಾಡ್ಯೂಲ್ ಎಂದೆ, ಏಕೆಂದರೆ ಬ್ಲಾಕ್ ನಂಬಿಕೊಂಡ ಉದ್ದವನ್ನು ಹೊರಗಿನ ಸುರಕ್ಷಿತ ಸಾಲೊಂದು ತಿದ್ದಿದರೂ ಬ್ಲಾಕ್ ಕೆಡುತ್ತದೆ. ಆದ್ದರಿಂದ ಅಂಥ ಉದ್ದವನ್ನಿಟ್ಟ ಫೀಲ್ಡ್‌ಗಳನ್ನು ಮಾಡ್ಯೂಲಿನ ಹೊರಗಿನಿಂದ ತಿದ್ದಲಾಗದಂತೆ ಖಾಸಗಿಯಾಗಿಡಿ.

ರಿಜಿಸ್ಟರ್ ಓದುವ ಭಾಗಕ್ಕೆ ನಿಜವಾದ ಚಿಪ್ ಬೇಕಿರುವುದರಿಂದ, ರಸ್ಟ್ ಪ್ರೋಗ್ರಾಮಿನ ಮೆಮೊರಿ ತಪ್ಪುಗಳನ್ನು ಹುಡುಕುವ ಮಿರಿ ಎಂಬ ಪರೀಕ್ಷಾ ಸಾಧನ ಅದನ್ನು ಓಡಿಸಲಾರದು. ಬೈಟ್‌ಗಳನ್ನು ಬಿಡಿಸುವ ಭಾಗವನ್ನು ಬೇರೆ ಮಾಡಿ, ನಿಮ್ಮ ಹಳೆಯ ಗೆಟ್_ಅನ್‌ಚೆಕ್ಡ್ ಸಾಲಿಗೇ 3 ಬೈಟ್‌ಗಳನ್ನಷ್ಟೇ ಕೊಟ್ಟು ಮಿರಿಯಲ್ಲಿ ಒಮ್ಮೆ ಓಡಿಸಿ. ತಪ್ಪು ಯಾವ ಸಾಲಿನಲ್ಲಿದೆ ಎಂಬುದನ್ನು ಅದೇ ತೋರಿಸುತ್ತದೆ.