ಹಳೇ ಲಿಂಕನ್ ಟೌನ್ ಕಾರ್ ಅಗ್ಗಕ್ಕೆ ಸಿಗುತ್ತಿದೆ, ಕ್ಯಾಮ್ರಿ ಬಿಟ್ಟು ಇದನ್ನು ಕೊಳ್ಳಬಹುದಾ?

ಮಿಷಿಗನ್‌ಗೆ ಹೊಸದಾಗಿ ಬಂದಿದ್ದೀರಿ. ಊರಿಂದ ಅಪ್ಪ ಅಮ್ಮ ಬರುವವರಿದ್ದಾರೆ. 2000ರ ದಶಕದ ಟೌನ್ ಕಾರ್ (ಫೋರ್ಡ್‌ನವರ ಲಿಂಕನ್ ಬ್ರ್ಯಾಂಡಿನ ದೊಡ್ಡ ಐಷಾರಾಮಿ ಸೆಡಾನ್) ಒಂದು ಟೊಯೋಟಾ ಕ್ಯಾಮ್ರಿಗಿಂತ ಕಡಿಮೆಗೆ ಸಿಗುತ್ತಿದೆ, ಮೈಲಿಯೂ ಕಡಿಮೆ ಓಡಿದೆ, ಮುಂದೆ ಕ್ಲಾಸಿಕ್ ಆಗಿ ಬೆಲೆ ಏರಬಹುದು ಎಂದು ಕೇಳಿದ್ದೀರಿ. ನಾನೂ ಇದೇ ಮಿಷಿಗನ್‌ನಲ್ಲಿ, ಇದೇ ಲೆಕ್ಕ ಹಾಕಿ, 2004ರ ಟೌನ್ ಕಾರ್ ಕೊಂಡವನು. ಆಗ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಚೆನ್ನಾಗಿತ್ತು ಅನಿಸುವ ವಿಷಯಗಳನ್ನು ನಿಮಗೆ ಹೇಳುತ್ತೇನೆ.

ನನ್ನ ಅಪ್ಪ ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದವರು. ವರ್ಷಗಟ್ಟಲೆ ಸ್ಟೇರಿಂಗ್ ಹಿಂದೆ ಕೂತು ಸೊಂಟ ಹಾಳಾಗಿತ್ತು. ಮೊದಲ ಸಲ ಇಲ್ಲಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಚಿಕ್ಕ ಕಾರು. ಅದರ ಸೀಟು ತಗ್ಗು. ಇಳಿಯುವಾಗ ಬಾಗಿಲು ಹಿಡಿದು ಒದ್ದಾಡುತ್ತಿದ್ದರು, ನೋವು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎರಡನೇ ಸಲ ಬರುವ ಹೊತ್ತಿಗೆ ದೊಡ್ಡ ಕಾರು ಬೇಕೇ ಬೇಕು ಎಂದು ತೀರ್ಮಾನಿಸಿದೆ. ವಿಮಾನ ನಿಲ್ದಾಣದ ಕಪ್ಪು ಟ್ಯಾಕ್ಸಿಗಳೆಲ್ಲ ಆಗ ಟೌನ್ ಕಾರ್‌ಗಳೇ. ಒಂದು ಸಲ ಅದರಲ್ಲಿ ಕೂತು ಬಂದಿದ್ದೆ. ಹಿಂದಿನ ಸೀಟು ಮನೆಯ ಸೋಫಾ ಹಾಗಿತ್ತು. ಹಳೆಯದು ಹುಡುಕಿದೆ, ಸಿಕ್ಕಿತು.

ಈ ಕಾರು ಯಾಕೆ ಅಷ್ಟು ಮೆತ್ತಗೆ ಹೋಗುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ, ನನ್ನ ಕಥೆಗೆ ಅದು ಬೇಕು. ಇಂದಿನ ಹೆಚ್ಚಿನ ಕಾರುಗಳಲ್ಲಿ ಬಾಡಿಯೇ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು. ಟೌನ್ ಕಾರ್‌ನಲ್ಲಿ ಲಾರಿಯಂತೆ ಕೆಳಗೆ ಬೇರೆ ಚಾಸಿ, ಅದರ ಮೇಲೆ ರಬ್ಬರ್ ಬುಷ್ ಇಟ್ಟು ಬಾಡಿ ಕೂರಿಸಿದ್ದಾರೆ. ರಸ್ತೆಯ ಪೆಟ್ಟು ಅಲ್ಲೇ ಅರ್ಧ ಸಾಯುತ್ತದೆ. ಮುಂದೆ 4.6 ಲೀಟರಿನ ವಿ8 ಎಂಜಿನ್, ಗೇರ್ ಸ್ಟೇರಿಂಗ್ ಪಕ್ಕದಲ್ಲಿ, ಉದ್ದ ಹತ್ತಿರ ಹತ್ತಿರ ಐದೂವರೆ ಮೀಟರ್, ತೂಕ ಸುಮಾರು 2 ಟನ್. ಹಿಂದಿನ ಚಕ್ರಗಳ ಮೇಲೆ ಕಬ್ಬಿಣದ ಸ್ಪ್ರಿಂಗ್ ಇಲ್ಲ, ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ನಾಲ್ಕು ಜನ ಕೂತು ಡಿಕ್ಕಿ ತುಂಬ ಸೂಟ್‌ಕೇಸ್ ಹಾಕಿದರೂ ಹಿಂಭಾಗ ಕುಸಿಯುವುದಿಲ್ಲ. ಒಂದು ಸೆನ್ಸರ್ ಎತ್ತರ ನೋಡುತ್ತಾ ಇರುತ್ತದೆ, ಕಡಿಮೆಯಾದರೆ ಚಿಕ್ಕ ಕಂಪ್ರೆಸರ್ ಗಾಳಿ ತುಂಬುತ್ತದೆ. ಇಳಿದ ಮೇಲೆ ಹೆಚ್ಚಾದ ಗಾಳಿಯನ್ನು ಹೊರಗೆ ಬಿಡುತ್ತದೆ.

ಕಾರು ತಂದ ಹೊಸದರಲ್ಲಿ ನನಗೆ ಅದರ ಚರಿತ್ರೆಯ ಹುಚ್ಚು ಹಿಡಿಯಿತು. ಇಲ್ಲೇ ಮಿಷಿಗನ್‌ನ ನೋವೈ ಊರಿನ ಪಕ್ಕದ ವಿಕ್ಸಮ್ ಕಾರ್ಖಾನೆಯಲ್ಲೇ ನನ್ನ ಕಾರು ತಯಾರಾಗಿತ್ತು. 1957ರಲ್ಲಿ ಶುರುವಾದ ಆ ಕಾರ್ಖಾನೆ 2007ರಲ್ಲಿ ಮುಚ್ಚಿತು. ಆಮೇಲೆ ಟೌನ್ ಕಾರ್ ಕೆನಡಾದ ಸೇಂಟ್ ಥಾಮಸ್‌ನಲ್ಲಿ ತಯಾರಾಗಿ 2011ರಲ್ಲಿ ನಿಂತೇ ಹೋಯಿತು.

ಲಿಂಕನ್ ಕಂಪನಿ ಕಟ್ಟಿದ ಹೆನ್ರಿ ಲೆಲೆಂಡ್ ಬಗ್ಗೆ ಓದಿ, ದಯವಿಟ್ಟು. ಬಂದೂಕು ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡ ಮನುಷ್ಯ. 1902ರಲ್ಲಿ ಹೆನ್ರಿ ಫೋರ್ಡ್ ಬಿಟ್ಟು ಹೋದ ಕಂಪನಿಗೆ ಬೆಲೆ ಕಟ್ಟಲು ಕರೆದರೆ, ಮುಚ್ಚಬೇಡಿ, ನನ್ನ ಎಂಜಿನ್ ಹಾಕಿ ಕಾರು ಮಾಡಿ ಎಂದು ಹೇಳಿದರು. ಅದೇ ಕ್ಯಾಡಿಲಾಕ್ ಆಯಿತು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಕಲಸಿ, ಮತ್ತೆ ಜೋಡಿಸಿ 500 ಮೈಲಿ ಓಡಿಸಿ ತೋರಿಸಿದರು. ಒಂದು ಕಾರಿನ ಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುವುದೇ ಆ ಕಾಲಕ್ಕೆ ದೊಡ್ಡ ಸಾಧನೆ. 1917ರಲ್ಲಿ, 74ನೇ ವಯಸ್ಸಿನಲ್ಲಿ, ಯುದ್ಧ ವಿಮಾನಗಳಿಗೆ ಲಿಬರ್ಟಿ ಎಂಜಿನ್ ಮಾಡಲು ಕ್ಯಾಡಿಲಾಕ್ ಬಿಟ್ಟು ಹೊಸ ಕಂಪನಿ ಕಟ್ಟಿದರು. 1864ರಲ್ಲಿ ತಾವು ಮೊದಲ ಮತ ಹಾಕಿದ್ದ ಅಬ್ರಹಾಂ ಲಿಂಕನ್ ಹೆಸರನ್ನೇ ಅದಕ್ಕೆ ಇಟ್ಟರು. ಯುದ್ಧ ಮುಗಿದ ಮೇಲೆ ಕಾರು ಮಾಡಲು ಹೋಗಿ ಸಾಲದಲ್ಲಿ ಮುಳುಗಿದರು. 1922ರಲ್ಲಿ ಅದನ್ನು 80 ಲಕ್ಷ ಡಾಲರ್‌ಗೆ ಕೊಂಡವರು ಅದೇ ಹೆನ್ರಿ ಫೋರ್ಡ್. ಕೆಲವೇ ತಿಂಗಳಲ್ಲಿ ಲೆಲೆಂಡ್ ಹೊರಗೆ ಹೋಗಬೇಕಾಯಿತು. ಅಮೆರಿಕದ ಎರಡು ದೊಡ್ಡ ಐಷಾರಾಮಿ ಕಾರುಗಳನ್ನು ಹುಟ್ಟುಹಾಕಿದ ವ್ಯಕ್ತಿಯ ಹೆಸರಿನಲ್ಲಿ ಇವತ್ತು ಒಂದು ಕಾರೂ ಇಲ್ಲ. ನನಗೆ ಈಗಲೂ ಇದು ಬೇಸರದ ಸಂಗತಿ.

ಫೋರ್ಡರ ಮಗ ಎಡ್ಸೆಲ್ ಕಾಲದಲ್ಲಿ ಲಿಂಕನ್‌ಗೆ ಚೆಲುವು ಬಂತು. 1939ರಲ್ಲಿ ಫ್ಲಾರಿಡಾ ರಜೆಗೆಂದು ತಮಗಾಗಿ ಒಂದು ಕಾರು ಮಾಡಿಸಿಕೊಂಡರು. ಸ್ನೇಹಿತರೆಲ್ಲ ನಮಗೂ ಬೇಕು ಎಂದರು. ಕಾಂಟಿನೆಂಟಲ್ ಹುಟ್ಟಿದ್ದು ಹಾಗೆ. ಆಮೇಲೆ 1961ರ ಕಾಂಟಿನೆಂಟಲ್. ಹಿಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುವ, ಒಂದೂ ಅನಗತ್ಯ ಗೆರೆ ಇಲ್ಲದ ಕಾರು. ಅಧ್ಯಕ್ಷ ಕೆನಡಿ ಹತ್ಯೆಯಾದಾಗ ಕೂತಿದ್ದ ಕಾರು ಅದೇ ಮಾದರಿಯದು, ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಕೆನಡಿ ಹತ್ಯೆಯಾದ ಮೇಲೂ ಆ ಕಾರನ್ನು ರಿಪೇರಿ ಮಾಡಿ, ಮೇಲೆ ಗಟ್ಟಿ ಚಾವಣಿ ಹಾಕಿ, ವರ್ಷಗಟ್ಟಲೆ ಮುಂದಿನ ಅಧ್ಯಕ್ಷರಿಗೆ ಬಳಸಿದರು ಎಂದಾಗ ಅಪ್ಪ ತುಂಬ ಹೊತ್ತು ಅದರ ಚಕ್ರಗಳನ್ನೇ ನೋಡುತ್ತಾ ನಿಂತರು.

ಈಗ ನನ್ನ ತಪ್ಪು.

ಒಂದು ಬೆಳಿಗ್ಗೆ ಅಪ್ಪ ಮನೆ ಮುಂದೆ ನಿಂತು ಕಾರು ನೋಡಿ ಹೇಳಿದರು: “ಹಿಂದ್ಗಡೆ ಕೂತ್ಕಂಡೈತೆ ಕಣಪ್ಪಾ, ಪ್ಲೇಟು ಕಟ್ಟಾಗೈತಾ ನೋಡು.” ನಾನು ನಕ್ಕು, ಅಪ್ಪಾ, ಇದರಲ್ಲಿ ಪ್ಲೇಟ್ ಸ್ಪ್ರಿಂಗ್ ಇಲ್ಲ, ಗಾಳಿ ಇರುತ್ತೆ, ಸ್ಟಾರ್ಟ್ ಮಾಡಿದರೆ ತಾನೇ ಏಳುತ್ತೆ ಎಂದೆ. ಸ್ಟಾರ್ಟ್ ಮಾಡಿದೆ. ಮುಂದಿನಿಂದ ಗುಂಯ್ ಎಂದು ಸದ್ದು ಬಂತು, ಕಾರು ಎದ್ದು ನಿಂತಿತು. ನೋಡಿ ಎಂದೆ. ಅಪ್ಪ ಸುಮ್ಮನಾದರು.

ಅವರು ಹೇಳಿದ್ದೇ ಸರಿ ಇತ್ತು. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಕೂತಿದೆ ಎಂದರೆ ಗಾಳಿ ಸೋರುತ್ತಿದೆ ಎಂದೇ ಅರ್ಥ. ರಬ್ಬರ್ ಚೀಲಕ್ಕೆ ವಯಸ್ಸಾದರೆ ಮಡಿಕೆಗಳಲ್ಲಿ ಬಿರುಕು ಬಿಡುತ್ತದೆ. ಇಲ್ಲವೇ ಚೀಲಕ್ಕೆ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವ್‌ನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಗಟ್ಟಿಯಾಗಿ ಸಂದು ಬಿಡುತ್ತದೆ. ಯಾವ ಕಂಪನಿಯ ರಬ್ಬರ್ ಆದರೂ ಅಷ್ಟೇ, ವಯಸ್ಸಾದರೆ ಸೋರುತ್ತದೆ. ಆ ರಿಂಗ್‌ನ ಬೆಲೆ ಹೋಟೆಲಿನ ಒಂದು ಊಟಕ್ಕಿಂತ ಕಡಿಮೆ. ಪಂಚರ್ ಅಂಗಡಿಯವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಾನಲ್ಲ, ಹಾಗೆ ಸೋಪಿನ ನೀರು ಚಿಮುಕಿಸಿದ್ದರೆ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತಿತ್ತು.

ನಾನು ಅದನ್ನು ಮಾಡಲಿಲ್ಲ. ಕಾರು ತಾನೇ ಏಳುತ್ತಿದೆ ಎಂದು ಚಳಿಗಾಲ ಪೂರ್ತಿ ತಳ್ಳಿದೆ. ಆದರೆ ಅದನ್ನು ಏಳಿಸುತ್ತಿದ್ದದ್ದು ಆ ಚಿಕ್ಕ ಕಂಪ್ರೆಸರ್. ಅದು ಆಗಾಗ ಸ್ವಲ್ಪ ಹೊತ್ತು ಓಡಲಿಕ್ಕೆ ಮಾಡಿದ್ದು, ಸೋರುವ ಚೀಲವನ್ನು ದಿನವೂ ತುಂಬಲಿಕ್ಕಲ್ಲ. ಜಾಸ್ತಿ ಓಡಿದರೆ ಬಿಸಿಯಾಗುತ್ತದೆ, ಒಳಗಿನ ಪಿಸ್ಟನ್ ರಿಂಗ್ ಸವೆಯುತ್ತದೆ. ಗಾಳಿಯ ತೇವ ಹೀರಲು ಇರುವ ಡ್ರೈಯರ್ ಒದ್ದೆಯಾಗಿ ಕೆಲಸ ನಿಲ್ಲಿಸುತ್ತದೆ. ಆಮೇಲೆ ನೀರು ಕೊಳವೆಯೊಳಗೆ ಹೋಗಿ ಚಳಿಗೆ ಹೆಪ್ಪುಗಟ್ಟುತ್ತದೆ. ಒಂದು ದಿನ ಗುಂಯ್ ಸದ್ದು ಬರಲೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಏರ್ ಸಸ್ಪೆನ್ಶನ್ ಎಚ್ಚರಿಕೆ ಬಂತು, ಹಿಂಭಾಗ ನೆಲಕ್ಕೆ ಬಗ್ಗಿತು.

ಗ್ಯಾರೇಜಿನವರು, ಗಾಳಿ ಚೀಲ ತಲೆನೋವು, ಕಿತ್ತು ಹಾಕಿ ಕಬ್ಬಿಣದ ಕಾಯಿಲ್ ಸ್ಪ್ರಿಂಗ್ ಹಾಕೋಣ, ಜೀವಮಾನಕ್ಕೆ ಸಾಕು ಎಂದರು. ಕಡಿಮೆ ಖರ್ಚು ಎಂದು ಒಪ್ಪಿದೆ. ಚೀಲ ಸೋರುತ್ತಿದ್ದಾಗಲೇ ನೋಡದೆ ಬಿಟ್ಟವನು, ಈಗ ಕಾರಿನ ಜೀವವನ್ನೇ ಕಿತ್ತುಹಾಕಲು ದುಡ್ಡು ಕೊಟ್ಟೆ. ಕಾರು ನೋಡಲು ಹಾಗೇ ಇತ್ತು. ಆದರೆ ಹಿಂದಿನ ಸೀಟಿನಲ್ಲಿ ಪ್ರತಿ ಗುಂಡಿಯೂ ಸೊಂಟಕ್ಕೆ ತಾಗುತ್ತಿತ್ತು. ಮಿಷಿಗನ್‌ನಲ್ಲಿ ಚಳಿಗಾಲ ಕಳೆದ ಮೇಲೆ ರಸ್ತೆಗಳು ಹೇಗಿರುತ್ತವೆ ಎಂದು ನೀವೇ ನೋಡುತ್ತೀರಿ. ಅಪ್ಪ ಮುಂದಿನ ಸೀಟಿಗೆ ಬಂದು ಕೂರಲು ಶುರು ಮಾಡಿದರು. ಯಾರಿಗಾಗಿ ಕಾರು ತಂದಿದ್ದೆನೋ ಅವರಿಗೇ ಹಿಂದಿನ ಸೀಟು ಆಗದೆ ಹೋಯಿತು.

ಕೊನೆಗೆ ಮತ್ತೆ ಗಾಳಿ ಚೀಲ, ಹೊಸ ಕಂಪ್ರೆಸರ್, ಡ್ರೈಯರ್, ಎಲ್ಲ ಹಾಕಿಸಿದೆ. ಎರಡೂ ಸಲದ ಖರ್ಚು ಸೇರಿ ಕಾರಿಗೆ ಕೊಟ್ಟಿದ್ದ ದುಡ್ಡಿನ ಅರ್ಧದ ಹತ್ತಿರ ಹೋಯಿತು. ಹಾಕಿಸಿದ ದಿನವೇ ಕಾರು ಮೊದಲಿನ ಹಾಗಾಯಿತು. ಆಮೇಲೆ ಬಹಳ ವರ್ಷ ಓಡಿಸಿದೆ. ಎಂಜಿನ್ ಒಂದು ದಿನವೂ ಕೈಕೊಡಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕ್ಯಾಮ್ರಿಗಿಂತ ಕಡಿಮೆ ಖರ್ಚಾ ಎಂದರೆ, ಇಲ್ಲ. ಊರೊಳಗೆ ಗ್ಯಾಲನ್‌ಗೆ 15-16 ಮೈಲಿ, ಹೈವೇಯಲ್ಲಿ 23-24. ಖರ್ಚೇ ಮುಖ್ಯವಾದರೆ ಕ್ಯಾಮ್ರಿ ಕೊಳ್ಳಿ, ಯೋಚನೆಯೇ ಬೇಡ. ಟೌನ್ ಕಾರ್ ಬೆಲೆ ಇಳಿದಿದೆ, ಆದರೆ ಅದು ಹೊಸದರಲ್ಲಿ 40 ಸಾವಿರ ಡಾಲರ್ ದಾಟಿದ್ದ ಕಾರು. ಅದರ ಸುಖ ಬೇಕಾದರೆ ಆ ಸುಖ ಕೊಡುವ ಭಾಗಗಳನ್ನು ಅದೇ ಮಟ್ಟದಲ್ಲಿ ನೋಡಿಕೊಳ್ಳಬೇಕು.

ಬೆಲೆ ಏರುವ ಮಾತು ಮರೆತುಬಿಡಿ. ಲಿಂಕನ್ ಅಮೆರಿಕದಲ್ಲಿ 2020ರಲ್ಲೇ ಸೆಡಾನ್ ನಿಲ್ಲಿಸಿತು, ಈಗ ಎಲ್ಲ ಎಸ್‌ಯುವಿಗಳೇ. ಇನ್ನು ಬರುವುದಿಲ್ಲ, ಹಾಗಾಗಿ ಬೆಲೆ ಬರುತ್ತದೆ ಎಂದು ಕೆಲವರು ಹೇಳುತ್ತಾರೆ. 1961ರ ಕಾಂಟಿನೆಂಟಲ್‌ಗೆ ಅದು ಸರಿ. ಟೌನ್ ಕಾರ್ ಟ್ಯಾಕ್ಸಿಗೆ, ಲಿಮೋಸಿನ್‌ಗೆ ಎಂದು ರಾಶಿ ರಾಶಿ ಮಾರಾಟವಾದ ಕಾರು. ಗ್ಯಾರೇಜಿನಲ್ಲಿ ಮುಚ್ಚಿಟ್ಟರೆ ರಬ್ಬರ್ ಒಣಗುತ್ತದೆ, ಅಷ್ಟೇ.

ಕಡಿಮೆ ಮೈಲಿ ನೋಡಿಯೂ ಮರುಳಾಗಬೇಡಿ. ಇಲ್ಲಿ ಈ ಕಾರನ್ನು ಕೊಲ್ಲುವುದು ಉಪ್ಪು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಚಾಸಿಗೆ ಹತ್ತಿ ಒಳಗಿಂದ ತಿನ್ನುತ್ತದೆ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕೆಳಗೆ ಹಿಂದಿನ ಚಕ್ರದ ಹತ್ತಿರ ತೂತು ಬಿದ್ದಿರಬಹುದು. ಚಾಸಿ ಹೋದರೆ ಕಾರು ಹೋಯಿತು. ಮಿಷಿಗನ್‌ನಲ್ಲಿ 60 ಸಾವಿರ ಮೈಲಿ ಓಡಿದ್ದಕ್ಕಿಂತ ಫ್ಲಾರಿಡಾ, ಅರಿಝೋನಾದಿಂದ ಬಂದ 1 ಲಕ್ಷ ಮೈಲಿಯದ್ದೇ ನನಗೆ ಇಷ್ಟ. ಈ ವಿ8 ಎಂಜಿನ್‌ಗೆ 1 ಲಕ್ಷ ಮೈಲಿ ಏನೂ ಅಲ್ಲ, ಟ್ಯಾಕ್ಸಿಯವರು ಎರಡು ಮೂರು ಲಕ್ಷ ಓಡಿಸಿದ್ದಾರೆ.

ವರ್ಷದ ವಿಷಯಕ್ಕೆ ಬಂದರೆ, 2003 ಅಥವಾ ಆಮೇಲಿನದು ನೋಡಿ. ಆ ವರ್ಷ ಚಾಸಿಯ ಮುಂಭಾಗ, ಸ್ಟೇರಿಂಗ್ ಎರಡನ್ನೂ ಬದಲಿಸಿದರು, ಓಡಿಸಲು ತುಂಬ ಹಗುರ. 1996ರಿಂದ 2001ರವರೆಗಿನ ಕಾರು ಸಿಕ್ಕರೆ ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹಂಚುವ ಭಾಗ) ಬದಲಾಗಿದೆಯಾ ಕೇಳಿ. ಮೊದಲಿನದು ಪೂರ್ತಿ ಪ್ಲಾಸ್ಟಿಕ್, ಎಂಜಿನ್ ತಣಿಸುವ ಕೂಲಂಟ್ ಹಾದುಹೋಗುವ ಕಡೆ ಬಿರುಕು ಬಿಡುತ್ತಿತ್ತು. ಆ ಭಾಗ ಅಲ್ಯೂಮಿನಿಯಂ ಇರುವುದನ್ನು ಆಮೇಲೆ ತಂದರು.

ಮಾರುವವರಿಗೆ ಹಿಂದಿನ ರಾತ್ರಿಯೇ ಹೇಳಿಡಿ: ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಎಂದು. ಬೆಳಿಗ್ಗೆ ಹೋಗಿ ಹಿಂದಿನ ಎರಡೂ ಚಕ್ರದ ಮೇಲಿನ ಸಂದು ಅಳೆಯಿರಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸ್ಟಾರ್ಟ್ ಮಾಡಿದ ಮೇಲೆ ಕಂಪ್ರೆಸರ್ ಎಷ್ಟು ಹೊತ್ತು ಓಡುತ್ತದೆ ಕೇಳಿಸಿಕೊಳ್ಳಿ. ಯಾರಾದರೂ ಕಾಯಿಲ್ ಸ್ಪ್ರಿಂಗ್ ಹಾಕಿಸಿದ್ದರೆ ಮತ್ತೆ ಗಾಳಿ ಚೀಲ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆಮೇಲೆ ಲಿಫ್ಟ್ ಮೇಲೆ ಹತ್ತಿಸಿ ಚಾಸಿ ತೋರಿಸಿಕೊಳ್ಳಿ. ಎತ್ತುವ ಮೊದಲು ಡಿಕ್ಕಿಯೊಳಗಿನ ಏರ್ ಸಸ್ಪೆನ್ಶನ್ ಸ್ವಿಚ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಚಕ್ರ ನೇತಾಡುವಾಗ ಚೀಲದ ಗಾಳಿ ಹೊರಗೆ ಹೋಗಿ, ಇಳಿಸುವಾಗ ಅಡ್ಡಾದಿಡ್ಡಿ ಮಡಚಿಕೊಂಡು ಹರಿಯುತ್ತದೆ. ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ ಎಂದು ಬಿಡಬೇಡಿ, ನೀವೇ ಆಫ್ ಮಾಡಿ.

ಇಷ್ಟೂ ಸರಿ ಇದ್ದರೆ ಕೊಳ್ಳಿ. ಹಿಂದಿನ ಸೀಟಿನಲ್ಲಿ ಅಮ್ಮ ಅಪ್ಪ ಆರಾಮಾಗಿ ಕೂತು ಚಿಕಾಗೋ ತನಕ ನಿದ್ದೆ ಮಾಡಿಕೊಂಡು ಹೋಗುವಂಥ ಕಾರು ಈ ಬೆಲೆಗೆ ಬೇರೆ ಇಲ್ಲ. ನೀವು ನೋಡಿರುವ ಕಾರು ಯಾವ ವರ್ಷದ್ದು, ಯಾವ ರಾಜ್ಯದಲ್ಲಿ ಓಡಿದ್ದು ಎಂದು ಕೆಳಗೆ ಬರೆಯಿರಿ. ಚಾಸಿಯ ಫೋಟೋ ಇದ್ದರೆ ಹಾಕಿ, ನೋಡಿ ಹೇಳುತ್ತೇನೆ.